ಶೀಟ್ ಶೆಡ್ಡಿನ ಒಳಮೈಗೆ ಹಾಕೋಕೆ 50 ಎಂಎಂ ಥರ್ಮಾಕೋಲ್ ಬೋರ್ಡನ್ನ ಆಕ್ಸಾ ಬ್ಲೇಡಿನಿಂದ ಕತ್ತರಿಸಿದರೆ ಕಾಳು (ಅದರ ಸಣ್ಣ ಗುಂಡುಗಳು) ಉದುರುತ್ತೆ, ಅಂಚು ಸೊಟ್ಟ ಬರುತ್ತೆ ಅಂತ ಕೇಳಿದ್ದೀರಿ.
ತಪ್ಪು ಬೋರ್ಡಿನದ್ದಲ್ಲ, ನೀವು ಬಳಸುತ್ತಿರುವ ಆಕ್ಸಾ ಬ್ಲೇಡಿನದ್ದು. ಅದರ ಹಲ್ಲು ಥರ್ಮಾಕೋಲನ್ನ ಕೊಯ್ಯಲ್ಲ, ಕಾಳುಗಳನ್ನೇ ಕಿತ್ತು ಹಾಕುತ್ತೆ. ಅಂಚು ಸೊಟ್ಟ ಬರೋದೂ ಅದಕ್ಕೇ. ನಿಮ್ಮ 50 ಎಂಎಂ ಬೋರ್ಡ್ ಬಿಳಿ ಬಣ್ಣದ್ದು ಅಂದುಕೊಂಡು ಹೇಳ್ತಿದ್ದೀನಿ.

ತುದಿ ಮುರಿಯುವಂಥ ಅಗಲ ಬ್ಲೇಡಿನ ಪೇಪರ್ ಕಟರ್ ತಗೊಳ್ಳಿ. ಹೊಸ ಬ್ಲೇಡ್ ಹಾಕಿ ಉದ್ದಕ್ಕೆ ಹೊರಗೆಳೆದು, ಅಲ್ಯೂಮಿನಿಯಂ ಪಟ್ಟಿ ಒತ್ತಿ ಹಿಡಿದು, ಬ್ಲೇಡನ್ನ ಪಕ್ಕಕ್ಕೆ ವಾಲಿಸದೆ, ಎಳೆಯೋ ದಿಕ್ಕಿನಲ್ಲಿ ಆದಷ್ಟು ಮಲಗಿಸಿ ಎಳೀರಿ. ಒಂದೇ ಏಟಿಗೆ ಆಳಕ್ಕೆ ಇಳಿಸಬೇಡಿ, ಮೂರು ನಾಲ್ಕು ಸಲ ಎಳೆದು ಕೊಯ್ಯಿರಿ. ಕಿರ್ ಅಂತ ಸದ್ದು ಬಂದು ಕಾಳು ಏಳೋಕೆ ಶುರುವಾದರೆ ಬ್ಲೇಡ್ ಮೊಂಡಾಗಿದೆ; ತುದಿ ಮುರಿದು ಮುಂದುವರಿಸಿ. ನಿಮ್ಮದು ಬಿಳಿಯದಲ್ಲದೆ ಬಣ್ಣದ ಗಟ್ಟಿ ಎಕ್ಸ್‌ಪಿಎಸ್ (ಕಾಳಿಲ್ಲದ ಒತ್ತಾದ ಫೋಮ್) ಬೋರ್ಡಾದರೆ ಅರ್ಧ ಕೊಯ್ದು ಮೇಜಿನ ಅಂಚಿಗಿಟ್ಟು ಮುರಿದರೆ ಸಾಕು. ಬಿಸಿ ತಂತಿಯಿಂದ ಅಂಚು ಚೆನ್ನಾಗಿ ಬರುತ್ತೆ, ಆದರೆ ಮುಚ್ಚಿದ ಶೆಡ್ ಒಳಗೆ ಖಂಡಿತ ಬೇಡ, ಹೊಗೆ ಕೆಟ್ಟದ್ದು.

ಬೋರ್ಡ್ ಕೂರಿಸೋ ಫ್ರೇಮಿನ ಪ್ರತಿ ಖಾನೆಯನ್ನೂ ಮೇಲೆ ಕೆಳಗೆ ಎರಡೂ ಕಡೆ ಅಳೆದು, 5 ಎಂಎಂ ಕಡಿಮೆ ಕತ್ತರಿಸಿ, ಸಂದಿಗೆ ಪಿಯು ಫೋಮ್ (ಡಬ್ಬಿಯಿಂದ ಬಂದು ಉಬ್ಬಿ ಗಟ್ಟಿಯಾಗೋ ನೊರೆ) ತುಂಬಿ. ಬೋರ್ಡ್ ಅಂಟಿಸೋದಾದರೆ ಅಂಟನ್ನ ಮೊದಲು ಒಂದು ಥರ್ಮಾಕೋಲ್ ಚೂರಿನ ಮೇಲೆ ಹಚ್ಚಿ ನೋಡಿ. ಘಾಟು ವಾಸನೆಯ ರಬ್ಬರ್ ಅಂಟು ಥರ್ಮಾಕೋಲನ್ನ ಕರಗಿಸಿಬಿಡುತ್ತೆ.

ವೆಲ್ಡಿಂಗ್ ಬಾಕಿ ಇದ್ದರೆ ಬೋರ್ಡ್ ಒಳಗೆ ತರೋ ಮುಂಚೆಯೇ ಮುಗಿಸಿ. ಆಮೇಲೆ ಒಳಮೈಗೆ ಸಿಮೆಂಟ್ ಬೋರ್ಡ್ ಹೊಡೆಸಿ. ಥರ್ಮಾಕೋಲ್ ಬೇಗ ಬೆಂಕಿ ಹಿಡಿಯುತ್ತೆ, ಹಾಗೇ ತೆರೆದಿಡಬೇಡಿ.