ಹೇಳುವವರು ಯಾರು?

ಪ್ರಶ್ನೆ: ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಓದಿದ ಮೇಲೆ ಅವರ ಕಾದಂಬರಿ ‘ಗೃಹಭಂಗ’ವೂ ಆತ್ಮಕಥೆಯೇ ಎನ್ನಿಸುತ್ತಿದೆ. ಲೇಖಕ, ನಿರೂಪಕ ಎಂಬ ಪದಗಳು ಬೇರೆಯೇ?

ಉತ್ತರ: ಬೇರೆ. ಭೈರಪ್ಪನವರ ಬಾಲ್ಯದ ಬಡತನ, ಪ್ಲೇಗು, ತಾಯಿಯ ಸಾವು ಎರಡೂ ಕೃತಿಗಳಿಗೆ ಮೂಲದ್ರವ್ಯವೆಂಬುದು ನಿಜ. ಆದರೆ 1996ರ ‘ಭಿತ್ತಿ’ಯಲ್ಲಿ ‘ನಾನು’ ಎನ್ನುವವರು ಸ್ವತಃ ಲೇಖಕರಾಗಿರುವುದರಿಂದ, ಅಲ್ಲಿನ ಮಾತಿನ ಸತ್ಯಾಸತ್ಯಕ್ಕೆ ಅವರೇ ಹೊಣೆ. 1970ರ ‘ಗೃಹಭಂಗ’ವನ್ನು ಹೇಳುವವನಾದರೋ ಹೆಸರಿಲ್ಲದ, ಕಥೆಯೊಳಗೆ ಕಾಣಿಸಿಕೊಳ್ಳದ ಪ್ರಥಮಪುರುಷ ನಿರೂಪಕ. (ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮಪುರುಷ, ‘ಅವನು’ ಪ್ರಥಮಪುರುಷ, ಇಂಗ್ಲಿಷಿನ ಎಣಿಕೆ ಇದಕ್ಕೆ ತಿರುವುಮುರುವಾದ್ದರಿಂದ ವಿಮರ್ಶಕರೂ ಎಡವುವುದುಂಟು.) ಈ ನಿರೂಪಕ ಕಾದಂಬರಿಯ ನಾಯಕಿ ನಂಜಮ್ಮನ ಮನಸ್ಸಿನೊಳಗೂ ಹೊಕ್ಕು ನೋಡಬಲ್ಲ, ಆತ್ಮಕಥೆ ಬರೆಯುವ ಮಗ ತಾಯಿಯ ಮನಸ್ಸನ್ನು ಹೆಚ್ಚೆಂದರೆ ಊಹಿಸಬಲ್ಲ. ಪ್ರಕಾರವನ್ನು ಗುರುತಿಸಲು, ಘಟನೆಗಳ ಹೋಲಿಕೆಗಿಂತ ಈ ಅಧಿಕಾರದ ವ್ಯತ್ಯಾಸವೇ ನಂಬಲರ್ಹವಾದ ಸುಳಿವೆಂದು ನನ್ನ ಎಣಿಕೆ.