ವಜ್ರದಲ್ಲಿ ಸಂಶೋಧಿಸಲು ಇನ್ನೇನು ಉಳಿದಿದೆ? – ಸಂಪಾದಕರ ಉತ್ತರ

ಮಾನ್ಯರೇ,

ರತ್ನಗಳನ್ನು ಅಭ್ಯಸಿಸುವ ವಿಜ್ಞಾನಿಗಳ ವೃತ್ತಿಜೀವನ ಕುರಿತ ನಮ್ಮ ಲೇಖನ ಓದಿ ತಾವು ಬರೆದ ಪತ್ರ ತಲುಪಿತು. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ಮಗಳು ಇದೇ ದಾರಿ ಹಿಡಿಯುತ್ತೇನೆ ಎನ್ನುತ್ತಿದ್ದಾಳೆ. "ವಜ್ರವೆಂದರೆ ಬರೀ ಇಂಗಾಲ, ಅಸಲಿಯೋ ನಕಲಿಯೋ ಹೇಳಲು ಯಂತ್ರವಿದೆ, ಜೀವಮಾನವಿಡೀ ಸಂಶೋಧಿಸಲು ಏನಿದೆ?" ಎಂಬುದು ತಮ್ಮ ಪ್ರಶ್ನೆ.

ಬರೀ ಇಂಗಾಲವಾಗಿದ್ದರೆ ತಮ್ಮ ಮಾತು ಸರಿಯೇ. ಆದರೆ ವಜ್ರದ ಕಥೆಯೆಲ್ಲ ಅದರೊಳಗೆ ಸೇರಿಕೊಂಡ ಬೇರೆ ಪರಮಾಣುಗಳಲ್ಲಿದೆ. ವಜ್ರಗಳಲ್ಲಿ ಎರಡು ಬಗೆಯಿದೆಯೆಂದು 1934ರಲ್ಲೇ ಗುರುತಿಸಿದ್ದರು. ಅದಕ್ಕೆ ಸಾರಜನಕ ಕಾರಣವೆಂದು ವಿಜ್ಞಾನಿಗಳಾದ ಕೈಸರ್ ಮತ್ತು ಬಾಂಡ್ ತೋರಿಸಿದ್ದು 1959ರಲ್ಲಿ. ಹರಳು ಬೆಳೆಯುವಾಗ ಸಾರಜನಕ ಒಂಟಿ ಪರಮಾಣುಗಳಾಗಿ ಒಳಸೇರುತ್ತದೆ. ಭೂಗರ್ಭದ ಬಿಸಿಯಲ್ಲಿ ಕೋಟ್ಯಂತರ ವರ್ಷ ಕಳೆದಂತೆ ಅವು ಸರಿದು ಜೋಡಿಯಾಗುತ್ತವೆ, ಮುಂದೆ ಒಂದು ಖಾಲಿ ಸ್ಥಾನದ ಸುತ್ತ ನಾಲ್ಕಾಗಿ ಕೂಡುತ್ತವೆ. ಕಲ್ಲು ಯಾವ ಇನ್ಫ್ರಾರೆಡ್ ಬೆಳಕನ್ನು ಹೀರುತ್ತದೆಂದು ತೋರಿಸುವ ವರ್ಣಪಟಲದಲ್ಲಿ ಒಂಟಿ ಸಾರಜನಕ ಸೆಂಟಿಮೀಟರಿಗೆ 1344 ತರಂಗಗಳ ಬಳಿ, ಜೋಡಿ 1282ರ ಬಳಿ, ನಾಲ್ಕರ ಗುಂಪು 1175ರ ಬಳಿ ಕಾಣಿಸುತ್ತದೆ. ಹರಳು ಎಷ್ಟು ಕಾಲ ಒಳಗಿತ್ತು ಎಂದು ಗೊತ್ತಿದ್ದರೆ, ಜೋಡಿಗೂ ನಾಲ್ಕರ ಗುಂಪಿಗೂ ಇರುವ ಪ್ರಮಾಣದಿಂದ ಅದು ಕಂಡ ತಾಪವನ್ನು ಅಂದಾಜಿಸಬಹುದು.

ಅಳತೆ ಕೆಡುವುದು ಬಲು ಸುಲಭ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಬೆರಳು ತಾಗಿದ ಕಲ್ಲು ಅದೇ ವರ್ಣಪಟಲದಲ್ಲಿ 2850ರಿಂದ 2960ರ ನಡುವೆ ಪಟ್ಟೆಗಳನ್ನು ತೋರಿಸುತ್ತದೆ. ಹೊಸಬರು ಅದನ್ನು ವಜ್ರದೊಳಗಿನ ಜಲಜನಕವೆಂದು ಬರೆದುಕೊಳ್ಳುತ್ತಾರೆ. ಒಳಗಿನ ಜಲಜನಕದ ಮುಖ್ಯ ಗೆರೆ ಇರುವುದು 3107ರಲ್ಲಿ. ಆದ್ದರಿಂದ ಕಲ್ಲನ್ನು ಆಲ್ಕೋಹಾಲಿನಲ್ಲಿ ತೊಳೆದು ಚಿಮುಟದಲ್ಲೇ ಎತ್ತಿಡಬೇಕು. ಉಪಕರಣದೊಳಗಿನ ನೀರಾವಿಯೂ ತನ್ನ ಗೆರೆಗಳನ್ನು ಬೆರೆಸುತ್ತದೆ, ಒಣ ಸಾರಜನಕ ಹಾಯಿಸಿ ಅದನ್ನು ಹೊರಹಾಕಬೇಕು. ಸಾಣೆ ಹಿಡಿದ ಕಲ್ಲಿನೊಳಗೆ ಬೆಳಕು ಎಷ್ಟು ದೂರ ಹಾದಿತೆಂದು ತಿಳಿಯುವುದಿಲ್ಲ. ಅದಕ್ಕೂ ಒಂದು ಉಪಾಯವಿದೆ: 2000ರ ಬಳಿ ವಜ್ರದ ಸ್ವಂತ ಹೀರಿಕೆ ಸೆಂಟಿಮೀಟರಿಗೆ ಸುಮಾರು 12.3, ಇಡೀ ವರ್ಣಪಟಲವನ್ನು ಆ ಅಳತೆಗೆ ಹೊಂದಿಸುತ್ತಾರೆ. ಸಾರಜನಕ ತೀರಾ ಹೆಚ್ಚಿದ್ದರೆ ಶಿಖರ ಚಪ್ಪಟೆಯಾಗಿ ಲೆಕ್ಕ ತಪ್ಪುತ್ತದೆ. ಆಗ ಕಲ್ಲನ್ನು ತಿರುಗಿಸಿ ತೆಳು ಅಂಚಿನ ಮೂಲಕ ಬೆಳಕು ಹಾಯಿಸಬೇಕು.

ಇನ್ನು ಯಂತ್ರದ ಮಾತು. ಶಾಖ ಹರಿಯುವುದನ್ನು ನೋಡುವ ಪೆನ್ನಿನಂಥ ಪರೀಕ್ಷಕ ಲ್ಯಾಬಿನಲ್ಲಿ ಬೆಳೆಸಿದ ವಜ್ರವನ್ನೂ ವಜ್ರವೆಂದೇ ಹೇಳುತ್ತದೆ, ಏಕೆಂದರೆ ಅದೂ ವಜ್ರವೇ. ಅನಿಲದಿಂದ ಪದರ ಪದರವಾಗಿ ಬೆಳೆಸಿದ ವಜ್ರದಲ್ಲಿ, ಬೆಳೆಸುವ ಕೋಣೆಯ ಸಿಲಿಕಾನ್‌ಯುಕ್ತ ಸ್ಫಟಿಕ (ಕ್ವಾರ್ಟ್ಸ್) ಕಿಟಕಿಯನ್ನು ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಬಿಸಿ ಅನಿಲ, ಕೊರೆಯುವುದರಿಂದ ಸಿಲಿಕಾನ್ ಸೇರುವುದುಂಟು. ಕಲ್ಲನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಗೆ ತಣಿಸಿ ಲೇಸರ್ ಹಾಯಿಸಿದರೆ 737 ನ್ಯಾನೊಮೀಟರಿನಲ್ಲಿ ಅದು ಚೂಪಾಗಿ ಹೊಳೆಯುತ್ತದೆ. ತಣಿಸದಿದ್ದರೆ ಗೆರೆ ಹರಡಿ ಮಸುಕಾಗುತ್ತದೆ. ಆದರೆ ಲ್ಯಾಬಿನ ಎಲ್ಲ ಕಲ್ಲಿನಲ್ಲೂ ಇದು ಇರುವುದಿಲ್ಲ, ಅಪರೂಪಕ್ಕೆ ನೈಸರ್ಗಿಕ ಕಲ್ಲಿನಲ್ಲೂ ಸಿಗುತ್ತದೆ. ಹಾಗಾಗಿ 225 ನ್ಯಾನೊಮೀಟರಿಗಿಂತ ಕಡಿಮೆ ತರಂಗದ ಅತಿನೇರಳೆ ಬೆಳಕಿನಲ್ಲಿ ಬೆಳವಣಿಗೆಯ ವಿನ್ಯಾಸವನ್ನೂ ನೋಡಿಯೇ ತೀರ್ಮಾನಿಸಬೇಕು. ಬೆಳೆಸುವವರು ವಿಧಾನ ಬದಲಿಸುತ್ತಲೇ ಇರುತ್ತಾರೆ, ಬೆಳೆಸಿದ ಮೇಲೆ ಮತ್ತೆ ಕಾಯಿಸಿ ಬಣ್ಣ ತೆಗೆಯುವುದೂ ಇದೆ. ಯಂತ್ರಕ್ಕೆ ಹೊಸ ನಿಯಮ ಕಲಿಸಬೇಕಾದವರು ಸಂಶೋಧಕರೇ. ನಮ್ಮ ದೃಷ್ಟಿಯಲ್ಲಿ ಈ ವೃತ್ತಿಯ ಅತ್ಯಂತ ಜೀವಂತ ಭಾಗ ಇದು.

ಬಣ್ಣದ ಕಲ್ಲುಗಳ ಕಷ್ಟ ಬೇರೆ. ಸಫೈರಿಗೆ ಬೆರಿಲಿಯಮ್ ಇಳಿಸಿ ಬಣ್ಣ ಬದಲಿಸಿದ್ದರೆ, ಆ ಹಗುರ ಧಾತು ಸಾಮಾನ್ಯ ಎಕ್ಸ್‌-ರೇ ವಿಶ್ಲೇಷಣೆಗೆ ಸಿಗುವುದಿಲ್ಲ. ಲೇಸರಿನಿಂದ ಕಣ್ಣಿಗೆ ಕಾಣದಷ್ಟು ಕೊರೆದು ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ದ್ರವ್ಯರಾಶಿ ಮಾಪಕಕ್ಕೆ ಕಳಿಸಬೇಕು.

ಆಭರಣಕ್ಕೆ ಬಾರದ ವಜ್ರಗಳೂ ಇವರಿಗೆ ಅಮೂಲ್ಯವೇ. 2014ರಲ್ಲಿ ಬ್ರೆಜಿಲ್‌ನ ಜುಯಿನಾದ ವಜ್ರವೊಂದರೊಳಗೆ ಸಿಕ್ಕ ರಿಂಗ್‌ವುಡೈಟ್ ಎಂಬ ಖನಿಜದ ಕಣ, ಭೂಮಿಯ ಆಳದ ಖನಿಜದಲ್ಲಿ ನೀರಿನಂಶವಿದೆ ಎಂಬುದಕ್ಕೆ ನೇರ ಸಾಕ್ಷ್ಯ ಕೊಟ್ಟಿತು.

ಮಗಳು ಘನಸ್ಥಿತಿ ಭೌತಶಾಸ್ತ್ರ, ಹರಳುವಿಜ್ಞಾನ, ವರ್ಣಪಟಲಶಾಸ್ತ್ರಗಳನ್ನು ಗಟ್ಟಿ ಮಾಡಿಕೊಳ್ಳಲಿ. ಮೂಲ ಖಚಿತವಾಗಿ ಗೊತ್ತಿರುವ ಕಲ್ಲುಗಳನ್ನೇ ಮೊದಲು ಅಳೆಯಲಿ. ಅಳೆದ ಕಡತವನ್ನು ತಿದ್ದದೆ, ತಾಪ, ಲೇಸರ್, ಕಲ್ಲಿನ ದಿಕ್ಕು ಬರೆದು ಹಾಗೆಯೇ ಇಟ್ಟುಕೊಳ್ಳಲಿ. ಹೊಸ ಬಗೆಯ ಕಲ್ಲು ಬಂದಾಗ ಹೋಲಿಸಲು ಅದೇ ಆಧಾರ.

– ಸಂಪಾದಕ