ಹೆಸರು ಹಾಕಿಯೇ ಬರೆಯಿರಿ

ಓದುಗರೊಬ್ಬರ ಪತ್ರ, ವಿಜಯಪುರದಿಂದ: “ಪಕ್ಕದ ಮನೆಯವರು ಎರಡು ಅಂತಸ್ತಿಗೆ ಪರವಾನಗಿ ಪಡೆದು ಮೂರನೆಯದನ್ನು ಎಬ್ಬಿಸುತ್ತಿದ್ದಾರೆ. ಮೆಟ್ಟಿಲು ಓಣಿಯ ಚರಂಡಿಯ ಮೇಲೆ ಇಳಿದಿದೆ. ನಮ್ಮ ಹಿತ್ತಲಿನ ಪತ್ರಾಸಿನ ಶೆಡ್ಡಿಗೆ ಬೆಳಕೇ ಇಲ್ಲ. ಕೇಳಿದರೆ, ‘ಅಕ್ರಮ-ಸಕ್ರಮದಲ್ಲಿ ಸರಿಯಾಗುತ್ತದೆ ಬಿಡಿ’ ಎನ್ನುತ್ತಾರೆ. ಇಪ್ಪತ್ತು ವರ್ಷಗಳ ನೆರೆ. ಹೆಸರಿಲ್ಲದೆ ದೂರು ಕೊಡಬಹುದೇ?”

ಉತ್ತರ: ಕೊಡಬಹುದು, ಕೊಡಬೇಡಿ. ಸಹಿಯಿಲ್ಲದ ಅರ್ಜಿಗೆ ಹಿಂಬರಹವನ್ನು, ಅಂದರೆ ಕಚೇರಿಯ ಲಿಖಿತ ಉತ್ತರವನ್ನು, ಯಾರಿಗೆ ಕೊಡುವುದು? “ನನ್ನ ಅರ್ಜಿ ಏನಾಯಿತು” ಎಂದು ಕೇಳಲೂ ನಿಮಗೆ ಬಾಯಿ ಇರುವುದಿಲ್ಲ. ಇನ್ನು ಗುಟ್ಟಿನ ಮಾತು. ಆ ಮೆಟ್ಟಿಲಿನಿಂದ ತೊಂದರೆಯಾಗುವುದು ಎರಡು ಮೂರು ಮನೆಗಳಿಗೆ. ದೂರು ಯಾರದೆಂದು ಊಹಿಸಲು ನೆರೆಯವರಿಗೆ ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತು ಸಾಕು. ನಾನೂ ಒಮ್ಮೆ ನನ್ನ ನೆರೆಯವರ ಮೇಲೆ ಹೀಗೆ ಅನಾಮಧೇಯ ಅರ್ಜಿ ಬರೆದಿದ್ದೆ. ಅವರ ಮಗಳ ಲಗ್ನಪತ್ರಿಕೆಯ ಕರಡನ್ನು ಅದೇ ಕೈಯಲ್ಲಿ ಬರೆದುಕೊಟ್ಟವನು ನಾನೇ ಎಂಬುದು ಮರೆತುಹೋಗಿತ್ತು.

ಆದ್ದರಿಂದ ಮೊದಲು ಅವರ ಮನೆಗೆ ಹೋಗಿ, “ಕೆಲಸ ನಿಲ್ಲಿಸದಿದ್ದರೆ ಅರ್ಜಿ ಕೊಡುತ್ತೇನೆ” ಎಂದು ಹೇಳಿಬಿಡಿ. ಅಕ್ರಮ-ಸಕ್ರಮದ ಆಸೆಗೆ ಅರ್ಥವಿಲ್ಲ ಎಂಬುದನ್ನೂ ತಿಳಿಸಿ. ಅದು 2013ರ ಅಕ್ಟೋಬರ್ 19ಕ್ಕೆ ಮೊದಲಿನ ಅಕ್ರಮ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಲೆಂದು ರೂಪಿಸಿದ ಯೋಜನೆ. ಅದಕ್ಕೂ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು.

ಮಾತಿಗೆ ಬಗ್ಗದಿದ್ದರೆ ತಡಮಾಡಬೇಡಿ. ಸೆಂಟ್ರಿಂಗ್ ಕಟ್ಟಿದ ಮೇಲೆ ಸ್ಲ್ಯಾಬ್ ಹಾಕುವುದು ಒಂದು ದಿನದ ಕೆಲಸ. ಗೃಹಪ್ರವೇಶ ಮುಗಿದು ಬಾಡಿಗೆದಾರರು ಬಂದು ಕುಳಿತರೆ ನಿಮ್ಮ ಕೂದಲು ನೆರೆಯುವವರೆಗೆ ವ್ಯಾಜ್ಯ. ಅರ್ಜಿ ಪಾಲಿಕೆಯ ಆಯುಕ್ತರಿಗಿರಲಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಆಸ್ತಿಯ ಸಂಖ್ಯೆ, ಎಷ್ಟನೆಯ ಅಂತಸ್ತು, ದಿನಾಂಕವಿರುವ ಫೋಟೊ ಇಷ್ಟೇ ಸಾಕು. ನೆರೆಯವರು ಎಂಥವರು ಎಂಬ ವರ್ಣನೆ ಬೇಡ, ಅದನ್ನು ನನಗೆ ಎರಡು ಪುಟ ಬರೆದಿದ್ದೀರಿ! ಪರವಾನಗಿ ಎಷ್ಟು ಅಂತಸ್ತಿಗೆ ಎಂಬುದನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಕೊಟ್ಟು ಕೇಳಬಹುದು. ಆದರೆ ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುವುದರಿಂದ ದೂರನ್ನು ಅಲ್ಲಿಯವರೆಗೆ ಹಿಡಿದಿಟ್ಟುಕೊಳ್ಳಬೇಡಿ.

ಮರುದಿನವೇ ಜೆಸಿಬಿ ಬರುತ್ತದೆ ಎಂದುಕೊಳ್ಳಬೇಡಿ, ಬರಲೂ ಬಾರದು. 1976ರ ಪಾಲಿಕೆ ಕಾಯ್ದೆಯ 321ನೇ ಕಲಮಿನಂತೆ ಮೊದಲು ತಾತ್ಕಾಲಿಕ ಆದೇಶ, ಮಾಲೀಕರ ವಿವರಣೆ, ಆಮೇಲೆ ಅಂತಿಮ ಆದೇಶ. ಕೆಡವುವ ಮುನ್ನ 15 ದಿನಗಳ ನೋಟಿಸ್ ಕೊಡಬೇಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಸ್ತೆ, ಪಾದಚಾರಿ ಮಾರ್ಗದಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ಹಾಗಾಗಿ ಓಣಿಯ ಚರಂಡಿಯ ಮೇಲೆ ಇಳಿದ ಮೆಟ್ಟಿಲು ಎಲ್ಲಿದೆ ಎಂಬುದನ್ನು ಬೇರೆ ಅರ್ಜಿಯಲ್ಲೇ ಬರೆಯಿರಿ.

ಇನ್ನೊಂದು ವಿಷಯ. ನಿಮ್ಮ ಊರಿನಲ್ಲಿ ಓಣಿ ತಿರುಗಿದರೆ ಒಂದು ಗುಮ್ಮಟ, ಇಲ್ಲವೇ ಒಂದು ಬಾವಡಿ (ಹಳೆಯ ಕಾಲದ ಮೆಟ್ಟಿಲುಬಾವಿ). ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಪೂರ್ವಾನುಮತಿ ಬೇಕು. ನಿಷೇಧಿತ ವಲಯದಲ್ಲಿ ಕಟ್ಟಿದರೆ ಎರಡು ವರ್ಷಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ನಿಮ್ಮ ಓಣಿ ಆ ಅಳತೆಯೊಳಗೆ ಬರುವುದಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಗೂ ಒಂದು ಪ್ರತಿ ಹೋಗಲಿ.

ಅಂದಹಾಗೆ, ಆ ಪತ್ರಾಸಿನ ಶೆಡ್ಡು ನಿಮ್ಮ ಮನೆಯ ನಕ್ಷೆಯಲ್ಲಿದೆಯೇ? ಅಳೆಯಲು ಬಂದವರು ಕಾಂಪೌಂಡಿನ ಈಚೆಗೂ ಇಣುಕುತ್ತಾರೆ.